ನೀರಿಗಿಟ್ಟ ಕೊಡಲಿ

ಮುಶಿಗೇರಿಯ ಬಡಿಗ್ಯಾರ ಅಂಗಡಿ ಎಂದರೆ ಒಂದು ಬೇವಿನ ಮರ, ನಾಲ್ಕು ತಗಡು, ನೆಲದ ತುಂಬ ಜಾಲಿ ಕಟ್ಟಿಗೆಯ ಚಕ್ಕೆ. ಹಿಂಗಾರಿ ಬಿತ್ತಿಗೆಗೆ ಹದ ಬರುವುದನ್ನೇ ಊರು ಕಾಯುತ್ತಿದೆ. ಎರಿ ಹೊಲ ಮಳೆ ಕುಡಿದು ಕಪ್ಪಗೆ ಮಲಗಿದೆ. ಕೂರಿಗಿ, ಕುಂಟಿ ಸರಿ ಮಾಡಿಸಲು ಬಂದವರ ನಡುವೆ ಒಬ್ಬ ಹುಡುಗ ಕೊಡಲಿ ಹಿಡಿದು ನಿಂತಿದ್ದಾನೆ. ಬೀಸಿದರೆ ಕೊಡಲಿ ಕಾವು ಬಿಟ್ಟು ಹಾರುವಂತಿದೆ.

"ಮೊನ್ನೆ ರಾತ್ರಿ ನೀರಾಗ ಇಟ್ಟಿದ್ದೆ, ಮುಂಜಾನಿ ಗಟ್ಟಿ ಕುಂತಿತ್ರಿ. ಇವತ್ತ ನೋಡಿದ್ರ ಮೊದಲಿಗಿಂತ ಸಡ್ಲ ಆಗೇತಿ."

ಕಟ್ಟೆಯ ಮೇಲೆ ಎಲಿ-ಅಡಿಕಿ ಮೆಲ್ಲುತ್ತಿದ್ದ ಮಿಲ್ಟ್ರಿ ಕಾಕಾ ನಕ್ಕರು. "ತಮ್ಮಾ, ಬಂದೂಕಿಗೂ ಇದ ಬ್ಯಾನಿ."

ಕಾಕಾ ಫೌಜಿನಲ್ಲಿ ಗುಂಡು ಹಾರಿಸಿದ್ದಕ್ಕಿಂತ ಬಂದೂಕು ಬಿಚ್ಚಿ ಜೋಡಿಸಿದ್ದೇ ಹೆಚ್ಚು. ಆರ್ಮರರ್ ಕೆಲಸ. ಈಗ ಅವರ ಕೈಯಲ್ಲಿ ಇರುವುದು ಅಡಕೊತ್ತು ಮಾತ್ರ. ಬಡಿಗ್ಯಾರೂ ಬಂದೂಕು ಮುಟ್ಟುವುದಿಲ್ಲ, ಅದನ್ನು ರಿಪೇರಿ ಮಾಡಲಿಕ್ಕೂ ಸರ್ಕಾರದ ಲೈಸೆನ್ಸ್ ಬೇಕು. ಹೀಗಾಗಿ ಪಾಠ ನಡೆದದ್ದು ಕೊಡಲಿಯ ಮೇಲೆ.

ಅವರು ಹೇಳಿದ್ದು ಇಷ್ಟು. ರೈಫಲ್ಲಿನ ಕಬ್ಬಿಣವೆಲ್ಲ ಎರಡು-ಮೂರು ಸ್ಕ್ರೂಗಳ ಮೇಲೆ ಕಟ್ಟಿಗೆಯಲ್ಲಿ ಕೂತಿರುತ್ತದೆ. ಗುಂಡು ಹೊರಟಾಗ ಕಬ್ಬಿಣ ಹಿಂದಕ್ಕೆ ಒದೆಯುತ್ತದೆ. ಒದ್ದ ಮೇಲೆ ಮೊದಲು ಕೂತ ಜಾಗಕ್ಕೇ ವಾಪಸ್ ಬಂದು ಕೂರಬೇಕು. ಕೂದಲೆಳೆಯಷ್ಟು ಆಚೀಚೆ ಕೂತರೂ ಮುಂದಿನ ಗುಂಡಿನ ದಾರಿ ಬೇರೆ. ಒಂದು ಡಿಗ್ರಿಯನ್ನು 60 ಪಾಲು ಮಾಡಿ ಅದರಲ್ಲಿ ಒಂದೇ ಪಾಲು ವಾಲಿದರೂ 100 ಮೀಟರಿನಲ್ಲಿ ಸುಮಾರು 3 ಸೆಂಟಿಮೀಟರ್ ತಪ್ಪು, 300 ಮೀಟರಿನಲ್ಲಿ 9.

ಹುಡುಗನ ಕೊಡಲಿಯನ್ನು ಕಾಕಾ ತೊಡೆಯ ಮೇಲಿಟ್ಟುಕೊಂಡು, ಕಾವು ಕೂರುವ ಕಣ್ಣಿನ ಒಳಗೆ ತೋರಿಸಿದರು. ಕಾವಿನ ತುದಿ ನುಣ್ಣಗೆ ಹೊಳೆಯುತ್ತಿತ್ತು, ಎಳೆಗಳು ಜಜ್ಜಿ ಮಲಗಿದ್ದವು. ನೀರು ಕುಡಿದ ಕಟ್ಟಿಗೆ ಉದ್ದಕ್ಕೆ ಬೆಳೆಯುವುದಿಲ್ಲ, ಅಡ್ಡಕ್ಕೆ ಉಬ್ಬುತ್ತದೆ. ಉಬ್ಬಲು ಕಬ್ಬಿಣ ಬಿಡದಿದ್ದಾಗ ತನ್ನನ್ನೇ ತಾನು ಹಿಚುಕಿಕೊಳ್ಳುತ್ತದೆ. ಒಣಗಿದ ಮೇಲೆ ಮೊದಲಿಗಿಂತ ಸಣ್ಣದಾಗುತ್ತದೆ. ಮಳೆಗಾಲದಲ್ಲಿ ರೈಫಲ್ಲಿನ ಕಟ್ಟಿಗೆ ಉಬ್ಬಿ ನಳಿಗೆಯನ್ನು ಒಂದು ಬದಿಯಿಂದ ಒತ್ತುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಮಾಲೀಕ ಮಾತ್ರ ತನ್ನ ಕಣ್ಣನ್ನೋ ತೋಟೆಯನ್ನೋ ಬೈಯುತ್ತಿರುತ್ತಾನೆ. (ತೋಟೆಯೇ ಕೆಟ್ಟದ್ದಿರುವುದೂ ಉಂಟು, ಗುರಿ ನೋಡುವ ಸೈಟು ಅಲುಗಾಡುವುದೂ ಉಂಟು. ಎಲ್ಲ ಪಾಪವನ್ನೂ ಕಟ್ಟಿಗೆಯ ತಲೆಗೆ ಕಟ್ಟಬಾರದೆಂದು ಕಾಕಾ ಎರಡು ಸಲ ಹೇಳಿದರು.)

ಹಳೆಯ .303 ರೈಫಲ್ಲಿಗೂ ಕಟ್ಟಿಗೆಯ ಕಾಟ ತಪ್ಪಲಿಲ್ಲ. ಆಸ್ಟ್ರೇಲಿಯಾದ ಲಿಥ್ಗೋ ಕಾರ್ಖಾನೆಯವರು ತಮ್ಮ ಮೆದು ಕಟ್ಟಿಗೆ ಒದೆತ ತಾಳದೆಂದು ಅದು ಬೀಳುವ ಜಾಗಕ್ಕೆ ತಾಮ್ರದ ತುಂಡು ಕೂರಿಸಿದರು. ನಮ್ಮ ಬಂಗಾಳದ ಇಶಾಪುರದವರು ಕಟ್ಟಿಗೆ ಸೀಳದಿರಲೆಂದು ಅಡ್ಡಕ್ಕೊಂದು ಸ್ಕ್ರೂ ಹೊಡೆದರು.

"ಗೊತ್ತಾಗೂದು ಹೆಂಗ ಕಾಕಾ?"

ಅವರು ಕಿಸೆಯಿಂದ ಹತ್ತು ರೂಪಾಯಿ ನೋಟು ತೆಗೆದು ಬಡಿಗ್ಯಾರ ಹಲಗೆ ಮತ್ತು ಸುತ್ತಿಗೆಯ ನಡುವೆ ಎಳೆದಾಡಿಸಿದರು. ನಳಿಗೆ ಎಲ್ಲೂ ತಾಗದಂತೆ ಕೂರಿಸಿದ ರೈಫಲ್ಲಾದರೆ, ನಳಿಗೆಗೂ ಕಟ್ಟಿಗೆಗೂ ನಡುವೆ ನೋಟು ತುದಿಯಿಂದ ಬುಡದವರೆಗೆ ಸಲೀಸಾಗಿ ಓಡಬೇಕು. ಸಿಕ್ಕಿಕೊಂಡಲ್ಲಿ ಒತ್ತು ಇದೆ. ಇನ್ನೊಂದು ಪರೀಕ್ಷೆಗೆ ಬೆರಳು ಸಾಕು. ಮುಂತುದಿಯಲ್ಲಿ ನಳಿಗೆ, ಕಟ್ಟಿಗೆ ಎರಡಕ್ಕೂ ತಾಗುವಂತೆ ಬೆರಳಿಟ್ಟು ಮುಂದಿನ ಸ್ಕ್ರೂ ಸಡಿಲಿಸಬೇಕು. ಬೆರಳಡಿಯಲ್ಲಿ ಕಬ್ಬಿಣ ಮಿಸುಕಿದರೆ ಅಷ್ಟು ದಿನ ಅದನ್ನು ಬಗ್ಗಿಸಿ ಬಿಗಿದಿದ್ದರು ಎಂದೇ ಲೆಕ್ಕ.

ಹಳೆಯ ಕೈಗಳು ಕಬ್ಬಿಣಕ್ಕೆ ದೀಪದ ಮಸಿ ಹಚ್ಚಿ ಕಟ್ಟಿಗೆಯಲ್ಲಿ ಕೂರಿಸಿ ತೆಗೆಯುತ್ತಿದ್ದವು. ಮಸಿ ಅಂಟಿದಷ್ಟನ್ನೇ ಹೆರೆಯುವುದು, ಮತ್ತೆ ಹಚ್ಚುವುದು, ಮತ್ತೆ ಹೆರೆಯುವುದು. ಈಗ ಎಪಾಕ್ಸಿ ಅಂಟು ಸುರಿದು ಕಬ್ಬಿಣದ ಅಚ್ಚನ್ನೇ ಹೊಯ್ಯುತ್ತಾರೆ. ಸ್ಕ್ರೂ ಬಿಗಿದಾಗ ಕಟ್ಟಿಗೆ ಕುಗ್ಗದಂತೆ ಅಲ್ಯೂಮಿನಿಯಂ ಕೊಳವೆ ಹುಗಿಯುತ್ತಾರೆ. ನಳಿಗೆಯನ್ನು ಎಲ್ಲೂ ತಾಗಿಸದೆ ತೇಲಿ ಬಿಡುತ್ತಾರೆ. ಮೊದಲೇ ಕಬ್ಬಿಣಕ್ಕೆ ಮೇಣ ಹಚ್ಚಲು ಮರೆತರೆ ಅಲ್ಲಿಗೆ ಮುಗಿಯಿತು, ಅದು ಕಟ್ಟಿಗೆ ಬಿಟ್ಟು ಏಳುವುದಿಲ್ಲ.

ಈ ವಿದ್ಯೆ ಬೆಳೆದದ್ದು ಬೇಟೆಗಾರರ ಕೈಯಲ್ಲೂ ಹೌದು. ಆದರೆ 1972ರ ವನ್ಯಜೀವಿ ಕಾಯ್ದೆ ಬಂದು, 1991ರ ತಿದ್ದುಪಡಿ ಅದನ್ನು ಇನ್ನೂ ಬಿಗಿ ಮಾಡಿದ ಮೇಲೆ ನಮ್ಮಲ್ಲಿ ಬೇಟೆ ಅಪರಾಧ. ಈ ಸೀಮೆಯ ಕಡ್ಲಿ ಹೊಲಕ್ಕೆ ಬರುವ ಚಿಗರಿ ಹಿಂಡನ್ನು ರೈತ ಕೂಗಿಯೇ ಓಡಿಸಬೇಕು. ಗುರಿಯ ಪಂತ ನೋಡಬೇಕೆಂದರೆ ಕೊಡಗಿಗೆ ಹೋಗಬೇಕು, ಸೆಪ್ಟೆಂಬರ್ 3ರ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ. ಪೂಜೆಗೊಂಡ ತೋಕ್, ಅಂದರೆ ಬಂದೂಕು, ಹೊರಗೆ ಬಂದು ತೆಂಗಿನಕಾಯಿಗೆ ಗುರಿಯಿಡುವುದು ಮಳೆ ಇನ್ನೂ ಪೂರ್ತಿ ಬಿಡದ ಹೊತ್ತಿನಲ್ಲೇ.

ಅಷ್ಟರಲ್ಲಿ ಬಡಿಗ್ಯಾರು ಹಳೆಯ ಕಾವು ಹೊಡೆದು ಬಿಸಾಡಿ ಒಣ ಜಾಲಿಯ ಹೊಸದನ್ನು ಇಳಿಸಿ ಬೆಣೆ ಬಡಿದಿದ್ದರು. ಕೊಡಲಿಯನ್ನು ಹುಡುಗನ ಕೈಗಿಟ್ಟು, ಮೂಲೆಯ ನೀರಿನ ಬಾನಿಯನ್ನು ಕಾಲಿನಿಂದ ಆಚೆ ಸರಿಸಿದರು.

"ಇನ್ನ ಇದನ್ನ ನೀರಾಗ ಇಟ್ಟಿ ಅಂದ್ರ, ನನ್ನ ಅಂಗಡಿಗೆ ಬರಬ್ಯಾಡ."