ರಾತ್ರಿ ಎರಡು ಗಂಟೆಯ ಗುಮಾಸ್ತ

ಬೀದರ್‌ನ ಹಳೆಯ ಪಟ್ಟಣದಲ್ಲಿ ನಾಲ್ಕು ದಾರಿಗಳು ಕೂಡುವ ಕಡೆ ಚೌಬಾರಾ ನಿಂತಿದೆ. ಕಾವಲಿಗೆಂದು ಕಟ್ಟಿದ ಈ ದುಂಡು ಗೋಪುರಕ್ಕೆ ಕಾಲಾನಂತರ ಗಡಿಯಾರಗಳೂ ಸೇರಿಕೊಂಡವು. ಅಂಥ ಗಡಿಯಾರ ನಿಂತರೆ ಕೆಳಗಿನ ಅಂಗಡಿಕಾರರಿಗೆ ಅಂದೇ ತಿಳಿಯುತ್ತದೆ. ನಮ್ಮ ಕಚೇರಿಗಳ ಇಂದಿನ ಗಡಿಯಾರ ಸರ್ವರ್‌ನ ಒಳಗಿದೆ. ಅದಕ್ಕೆ ಮುಖವಿಲ್ಲ, ಮುಳ್ಳಿಲ್ಲ. ನಿಂತರೆ ತಲೆಯೆತ್ತಿ ನೋಡುವವರೂ ಇಲ್ಲ.

ಕೆಲವು ವರ್ಷಗಳ ಹಿಂದೆ ಭಾಲ್ಕಿಯ ವಿದ್ಯಾಸಂಸ್ಥೆಯೊಂದಕ್ಕೆ ಪರಿಚಯದ ಮೇರೆಗೆ ಸರ್ವರ್ ಅಣಿಗೊಳಿಸಿಕೊಟ್ಟಿದ್ದೆ. ಶುಲ್ಕದ ಲೆಕ್ಕದ ಪ್ರತಿಯೊಂದು ಪ್ರತಿ ರಾತ್ರಿ ಎರಡಕ್ಕೆ ತಾನಾಗಿಯೇ ಬೇರೊಂದು ಡಿಸ್ಕ್‌ಗೆ ಹೋಗುವಂತೆ ಬರೆದಿಟ್ಟಿದ್ದೆ. ನಾಲ್ಕು ತಿಂಗಳ ನಂತರ ಮೂಲ ಡಿಸ್ಕ್ ಕೆಟ್ಟಿತು. ಪ್ರತಿಗಾಗಿ ಹುಡುಕಿದರೆ ಸಿಕ್ಕಿದ್ದು ಮೊದಲ ವಾರದ್ದು ಮಾತ್ರ. ಕಾರಣ ಸರಳವಾಗಿತ್ತು: ಸಂಜೆ ಆರಕ್ಕೆ ಜವಾನ ಮುಖ್ಯ ಸ್ವಿಚ್ ಆರಿಸಿ ಮನೆಗೆ ಹೋಗುತ್ತಿದ್ದ. ಕರೆಂಟು ಉಳಿಸಬೇಕೆಂದು ಅವನಿಗೆ ಹೇಳಿದವರು ಹಿರಿಯರೇ. ಅವನು ತನ್ನ ಕರ್ತವ್ಯವನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ತಪ್ಪಿದ್ದು ನಾನು. ಇಡೀ ರಾತ್ರಿ ಯಂತ್ರ ಉರಿಯುವ ಬೆಂಗಳೂರಿನ ಅಭ್ಯಾಸವನ್ನು ಭಾಲ್ಕಿಯ ಮೇಲೆ ಹೇರಿದ್ದೆ. ಇಬ್ಬರು ಗುಮಾಸ್ತರು ಕಾಗದದ ರಸೀದಿಗಳನ್ನು ಮುಂದಿಟ್ಟುಕೊಂಡು ನಾಲ್ಕು ತಿಂಗಳ ಲೆಕ್ಕವನ್ನು ಮತ್ತೆ ತುಂಬಿದರು. ರಸೀದಿಗಳಾದರೂ ಉಳಿದಿದ್ದವಲ್ಲ ಎಂಬುದೇ ಪುಣ್ಯ.

ಯುನಿಕ್ಸ್ ವಂಶದ ಯಂತ್ರಗಳಲ್ಲಿ ಈ ಕೆಲಸ ಮಾಡುವ ಪುಟ್ಟ ತಂತ್ರಾಂಶದ ಹೆಸರು ಕ್ರಾನ್. 1970ರ ದಶಕದಿಂದಲೂ ಅದು ಬಳಕೆಯಲ್ಲಿದೆ. ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ ಎಂಬ ಐದು ಅಂಕಣ ತುಂಬಿ, ಮುಂದೆ ಆಜ್ಞೆ ಬರೆದರೆ ಮುಗಿಯಿತು. ಅದು ನಿಮಿಷಕ್ಕೊಮ್ಮೆ ಎಚ್ಚೆತ್ತು ಪಟ್ಟಿ ನೋಡುತ್ತದೆ. ಹೊತ್ತು ಕೂಡಿಬಂದಿದ್ದರೆ ಕೆಲಸ ಮಾಡಿಸುತ್ತದೆ. ಆ ನಿಮಿಷದಲ್ಲಿ ಯಂತ್ರವೇ ಆರಿದ್ದರೆ ಆ ದಿನದ ಸರದಿ ಹೋದಂತೆಯೇ. ಬೆಳಿಗ್ಗೆ ಎದ್ದು ನಿನ್ನೆಯ ಬಾಕಿ ತೀರಿಸುವ ಗುಣ ಮೂಲ ಕ್ರಾನ್‌ಗೆ ಇಲ್ಲ. ಅದಕ್ಕೆಂದೇ ಅನಾಕ್ರಾನ್ ಎಂಬ ಇನ್ನೊಂದು ತಂತ್ರಾಂಶ ಹುಟ್ಟಿತು. ವಿಂಡೋಸ್‌ನಲ್ಲೂ ತಪ್ಪಿದ ಕೆಲಸವನ್ನು ಆಮೇಲೆ ಮಾಡಿಸುವ ಅವಕಾಶವಿದೆ, ಗುರುತು ಹಾಕಬೇಕಷ್ಟೆ.

ಇದು ಸಣ್ಣ ಊರಿನ ಪ್ರಾರಬ್ಧವೆಂದು ಮೂಗು ಮುರಿಯಬೇಕಾಗಿಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ತಂತ್ರಜ್ಞರೊಬ್ಬರು ಕೈತಪ್ಪಿ ಮುಖ್ಯ ದತ್ತಾಂಶವನ್ನೇ ಅಳಿಸಿದರು. ದಿನವೂ ತಾನಾಗಿ ಆಗಬೇಕಿದ್ದ ಪ್ರತಿಗಳನ್ನು ತೆರೆದು ನೋಡಿದರೆ ಏನೂ ಇಲ್ಲ. ಪ್ರತಿ ತೆಗೆಯುವ ತಂತ್ರಾಂಶದ ಆವೃತ್ತಿ ಹಳೆಯದಾಗಿದ್ದು, ಕೆಲಸ ಪ್ರತಿ ಬಾರಿಯೂ ವಿಫಲವಾಗುತ್ತಿತ್ತು. ವಿಫಲವಾದಾಗ ಮಿಂಚಂಚೆ ಹೋಗುವ ವ್ಯವಸ್ಥೆಯೂ ಇತ್ತು. ಆದರೆ ಸಹಿಯ ದೋಷದಿಂದ ಆ ಅಂಚೆಗಳೇ ತಿರಸ್ಕೃತವಾಗುತ್ತಿದ್ದವು. ಆರು ಗಂಟೆ ಮೊದಲು ಬೇರೆ ಉದ್ದೇಶಕ್ಕೆ ಒಬ್ಬರು ಕೈಯಾರೆ ತೆಗೆದಿಟ್ಟ ಪ್ರತಿಯೊಂದು ಅವರನ್ನು ಉಳಿಸಿತು.

ನಮ್ಮಲ್ಲಿ ಪಣಕ್ಕಿರುವುದು ಶುಲ್ಕದ ಲೆಕ್ಕವೊಂದೇ ಅಲ್ಲ. ಈ ಶತಮಾನದ ಆರಂಭದಲ್ಲಿ 'ಭೂಮಿ' ಯೋಜನೆಯಡಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಗ್ರಾಮಲೆಕ್ಕಿಗರ ವಹಿಯಲ್ಲಿದ್ದ ಔರಾದ್ ರೈತನ ಎಕರೆಯೂ ಅಲ್ಲಿಗೆ ಬಂತು. ಮೊದಲು ಬಂದ ಅರ್ಜಿಗೆ ಮೊದಲ ಸರದಿ ಎಂಬ ನಿಯಮವನ್ನು ಯಂತ್ರವೇ ಕಾಯುವಂತೆ ಮಾಡಿದ್ದು ಆ ಯೋಜನೆಯ ಹೆಗ್ಗಳಿಕೆ. ಪಹಣಿ, ಪಡಿತರ, ಪಿಂಚಣಿ ಎಲ್ಲವೂ ಯಂತ್ರದ ವೇಳಾಪಟ್ಟಿಗೆ ಒಳಪಟ್ಟ ಮೇಲೆ, ಕೌಂಟರಿನಲ್ಲಿ ಕೇಳುವ 'ಸಿಸ್ಟಮ್ ಬಂದ್ ಇದೆ' ಎಂಬ ಮಾತಿಗೆ ಒಂದು ದಿನದ ಕೂಲಿಯ ಬೆಲೆಯಿದೆ. ಈ ವಿಷಯದಲ್ಲಿ ರೈಲ್ವೆಯನ್ನು ಮೆಚ್ಚಬೇಕು. ಅದರ ಟಿಕೆಟ್ ಜಾಲತಾಣ ರಾತ್ರಿ 11.45ರ ಹೊತ್ತಿಗೆ ಅರ್ಧ ಗಂಟೆಗೂ ಮಿಕ್ಕಿ ಬಾಗಿಲು ಹಾಕುವ ಪದ್ಧತಿಯನ್ನು ವರ್ಷಗಳಿಂದ ಬಹಿರಂಗವಾಗಿ ಪಾಲಿಸಿಕೊಂಡು ಬಂದಿದೆ. ರೈಲೇ ಇಲ್ಲದ ಔರಾದ್‌ನಿಂದ ಭಾಲ್ಕಿಗೋ ಬೀದರ್‌ಗೋ ಬಂದು ಗಾಡಿ ಹತ್ತಬೇಕಾದವನಿಗೂ ಆ ಹೊತ್ತು ಗೊತ್ತಿರುತ್ತದೆ.

ಸರ್ವರ್ ಕೊಳ್ಳುವ ಸಂಸ್ಥೆಗಳು ಟೆಂಡರಿನಲ್ಲಿ ಬ್ಯಾಕಪ್ ಇರಬೇಕೆಂದು ಬರೆಸುತ್ತವೆ. ಬೆಳಿಗ್ಗೆ ಅದನ್ನು ನೋಡುವವರು ಯಾರೆಂದು ಬರೆಸಿದ್ದನ್ನು ನಾನು ಕಂಡಿಲ್ಲ. ಆ ಒಂದು ಸಾಲು ಸೇರಬೇಕು, ಹೆಸರು ಸಮೇತ. ಇನ್ನೊಂದು ಸಾಲಿಗೆ ಜಾಗವಿದ್ದರೆ, ತಿಂಗಳಿಗೊಮ್ಮೆ ಪ್ರತಿಯಿಂದ ಒಂದು ಕಡತವನ್ನಾದರೂ ಬೇರೆ ಯಂತ್ರದಲ್ಲಿ ತೆರೆದು ನೋಡತಕ್ಕದ್ದು ಎಂದೂ ಇರಲಿ. ತೆರೆದು ನೋಡದ ಪ್ರತಿ ಇದ್ದೂ ಇಲ್ಲದಂತೆ.

ಭಾಲ್ಕಿಯಲ್ಲಿ ಈಗ ಆ ಕೆಲಸ ಸಂಜೆ ನಾಲ್ಕಕ್ಕೆ ನಡೆಯುತ್ತದೆ. ಮರುದಿನ ಬೆಳಿಗ್ಗೆ ಗುಮಾಸ್ತರೊಬ್ಬರು ಪ್ರತಿಯ ತಾರೀಖು, ಗಾತ್ರಗಳನ್ನು ಉದ್ದನೆಯ ವಹಿಯಲ್ಲಿ ಕೈಯಿಂದ ಬರೆಯುತ್ತಾರೆ. ಕಂಪ್ಯೂಟರಿಗೆ ಮತ್ತೆ ವಹಿಯೇ ಎಂದು ನಕ್ಕವರಿದ್ದಾರೆ. ಕಳೆದ ಸಲ ಹೋದಾಗ ಪುಟ ತಿರುವಿದೆ. ಒಂದು ದಿನದ ಎದುರು ಕೆಂಪು ಶಾಯಿಯಲ್ಲಿ 'ಬಂದಿಲ್ಲ' ಎಂದಿತ್ತು. ಅದರ ಕೆಳಗೆ, ಅದೇ ದಿನದ ಹನ್ನೊಂದು ಗಂಟೆಗೆ, 'ಕೈಯಿಂದ ತೆಗೆಯಲಾಗಿದೆ' ಎಂದು ಸಹಿ ಇತ್ತು.