ಒಂದು ಜ್ವರ, ಎರಡು ಮೂಲ: ಸೋಂಕು ಮತ್ತು ಅರ್ಬುದ ಕೂಡಿದಾಗಿನ ರೋಗನಿರ್ಣಯ

ಕನ್ನಡ ಜನಪದರ ಆಡುನುಡಿಯಲ್ಲಿ ಜ್ವರಕ್ಕೆ ಹಲವು ಹೆಸರುಗಳಿವೆ. ನಡುಕದೊಡನೆ ಬರುವುದು ಚಳಿಜ್ವರ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳ ಸಾವಿನೊಡನೆ ಕಾಣಿಸಿಕೊಂಡದ್ದು ಮಂಗನ ಕಾಯಿಲೆ. ಇಂತಹ ಹೆಸರುಗಳ ಹಿಂದೆ ಒಂದು ಜ್ವರಕ್ಕೆ ಒಂದು ಗುರುತು ಎಂಬ ಗ್ರಹಿಕೆಯಿದೆ. ಆಧುನಿಕ ವೈದ್ಯವೂ ರೋಗಿಯ ಎಲ್ಲ ಲಕ್ಷಣಗಳನ್ನು ಮೊದಲು ಒಂದೇ ರೋಗದಿಂದ ವಿವರಿಸಲು ಯತ್ನಿಸುತ್ತದೆ. ಆದರೆ ಸೋಂಕು ಹಾಗೂ ಕ್ಯಾನ್ಸರ್ ಎಂದು ಪರಿಚಿತವಾದ ಅರ್ಬುದ ಒಂದೇ ದೇಹದಲ್ಲಿ ಕೂಡಿದಾಗ ಈ ಕ್ರಮ ದಾರಿ ತಪ್ಪಿಸಬಲ್ಲದು.

1961ರಲ್ಲಿ ಅಮೆರಿಕದ ವೈದ್ಯರಾದ ಪೀಟರ್ಸ್‌ಡಾರ್ಫ್ ಮತ್ತು ಬೀಸನ್ ಅವರು ಮೂಲ ತಿಳಿಯದ ಜ್ವರದ ಲಕ್ಷಣವನ್ನು ನಿರೂಪಿಸಿದರು. ಜ್ವರ 3 ವಾರಗಳಿಗೂ ಮೀರಿ ಇರಬೇಕು. ಹಲವು ಬಾರಿ 38.3 ಡಿಗ್ರಿ ಸೆಲ್ಸಿಯಸ್ ದಾಟಿರಬೇಕು; ಆಸ್ಪತ್ರೆಯಲ್ಲಿ 1 ವಾರ ತಪಾಸಣೆ ನಡೆದ ಮೇಲೂ ಕಾರಣ ತಿಳಿದಿರಬಾರದು. ಅವರು ಪರಿಶೀಲಿಸಿದ 100 ರೋಗಿಗಳಲ್ಲಿ 36 ಮಂದಿಯ ಜ್ವರಕ್ಕೆ ಸೋಂಕು, 19 ಮಂದಿಯ ಜ್ವರಕ್ಕೆ ಅರ್ಬುದ ಕಾರಣವಾಗಿತ್ತು. ಇಂತಹ ವರ್ಗೀಕರಣದಲ್ಲಿ ಒಬ್ಬ ರೋಗಿಗೆ ಒಂದೇ ಸ್ಥಾನ. ದೇಹ ಈ ನಿಯಮಕ್ಕೆ ಬದ್ಧವಲ್ಲ.

ಕ್ಷಯ ಮತ್ತು ದುಗ್ಧಗ್ರಂಥಿಗಳ ಅರ್ಬುದವಾದ ಲಿಂಫೋಮಾ ಇದಕ್ಕೆ ತಕ್ಕ ನಿದರ್ಶನ. ಬಿಟ್ಟುಬಿಟ್ಟು ಬರುವ ಜ್ವರ, ರಾತ್ರಿ ಬೆವರು, ತೂಕದ ಇಳಿಕೆ, ಗ್ರಂಥಿಗಳ ಬಾವು ಎರಡರಲ್ಲಿಯೂ ಉಂಟು. ಕಫದಲ್ಲಿ ಕ್ಷಯಾಣು ಕಂಡೊಡನೆ ಶೋಧ ಮುಗಿಯಿತೆಂದು ಭಾವಿಸುವುದು ಸಹಜ. ಆ ನಿರ್ಣಯ ಸುಳ್ಳಲ್ಲ, ಅಪೂರ್ಣವಾಗಿರಬಹುದು. ಚಿಕಿತ್ಸೆ ಆರಂಭವಾದ ಕೆಲವು ವಾರಗಳಲ್ಲಿ ಹೆಚ್ಚಿನವರ ಜ್ವರ ಇಳಿಯುತ್ತದೆ. ಇಳಿಯದಿದ್ದಲ್ಲಿ ಔಷಧಕ್ಕೆ ಮಣಿಯದ ಕ್ಷಯಾಣು, ಔಷಧದಿಂದಲೇ ಬಂದ ಜ್ವರ, ಜೊತೆಗಿರುವ ಎರಡನೆಯ ರೋಗ ಇವೆಲ್ಲವನ್ನೂ ಪರಿಗಣಿಸಬೇಕಾಗುತ್ತದೆ. ಇದಕ್ಕೆ ವಿರುದ್ಧವಾದ ತಪ್ಪೂ ಸಾಧ್ಯ. ಅರ್ಬುದವೂ ಅದರ ಚಿಕಿತ್ಸೆಯೂ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವುದರಿಂದ ಸುಪ್ತವಾಗಿದ್ದ ಕ್ಷಯ ಮರಳಿ ತಲೆಯೆತ್ತಬಹುದು. ಆ ಜ್ವರವನ್ನು ಅರ್ಬುದದ್ದೆಂದೇ ತಿಳಿದರೆ ಸೋಂಕು ಹಬ್ಬುತ್ತದೆ. ಕಾರಣ ಖಚಿತವಾಗುವ ಮುನ್ನ ಸ್ಟೀರಾಯ್ಡ್ ನೀಡಿದರೆ ಲಿಂಫೋಮಾ ತಾತ್ಕಾಲಿಕವಾಗಿ ಕುಗ್ಗಿ ಮರೆಯಾಗಬಹುದು, ಸೋಂಕು ಬಲಿಯಬಹುದು.

ಪೆಟ್ ಸ್ಕ್ಯಾನ್‌ನಲ್ಲಿ ಉರಿಯೂತವೂ ಅರ್ಬುದವೂ ಒಂದೇ ಬಗೆಯಲ್ಲಿ ಹೊಳೆಯಬಲ್ಲವು. ಎಲ್ಲಿಂದ ಅಂಗಾಂಶ ತೆಗೆಯಬೇಕೆಂಬುದನ್ನು ಅದು ತೋರಿಸುತ್ತದೆ. ನಿರ್ಣಯ ಅಂಗಾಂಶದಿಂದಲೇ ಆಗಬೇಕು. ಸೂಜಿಯಿಂದ ಹೀರಿದ ಕೆಲವು ಜೀವಕೋಶಗಳಿಗಿಂತ ಇಡಿಯಾಗಿ ತೆಗೆದ ಗ್ರಂಥಿ ಲಿಂಫೋಮಾವನ್ನು ಗುರುತಿಸಲು ಹೆಚ್ಚು ನೆರವಾಗುತ್ತದೆ. ಅದನ್ನು ಎರಡು ಭಾಗ ಮಾಡಿ ಒಂದನ್ನು ಫಾರ್ಮಲಿನ್‌ನಲ್ಲಿ ಸೂಕ್ಷ್ಮದರ್ಶಕ ಪರೀಕ್ಷೆಗೆ, ಮತ್ತೊಂದನ್ನು ಲವಣದ್ರಾವಣದಲ್ಲಿ ಕಲ್ಚರ್ ಪರೀಕ್ಷೆಗೆ ಕಳುಹಿಸುವುದು ಅಗತ್ಯ. ಫಾರ್ಮಲಿನ್ ಕ್ಷಯಾಣುವನ್ನು ಕೊಲ್ಲುವುದರಿಂದ ಇಡೀ ಗ್ರಂಥಿಯನ್ನು ಅದರಲ್ಲಿಯೇ ಹಾಕಿದರೆ ಕಲ್ಚರ್ ಪರೀಕ್ಷೆಯ ಅವಕಾಶ ಅಲ್ಲಿಗೇ ಮುಚ್ಚಿಹೋಗುತ್ತದೆ.

ಹರಕೆ ತೀರಿಸಿದ ಮೇಲೂ ಕಾಯಿಲೆ ಇಳಿಯದಿದ್ದಲ್ಲಿ ಮತ್ತೊಂದು ಕಾರಣವೂ ಇರಬಹುದೆಂದು ಶಂಕಿಸಿ ದೇವರ ಬಳಿ ಪುನಃ ಅಪ್ಪಣೆ ಕೇಳುವ ರೂಢಿ ನಮ್ಮ ಹಳ್ಳಿಗಳಲ್ಲಿದೆ. ಅದರ ಹಿಂದಿನ ನಂಬಿಕೆಗೂ ಪ್ರಯೋಗಾಲಯದ ವಿಧಾನಕ್ಕೂ ಸಂಬಂಧವಿಲ್ಲ. ಆದರೆ ಮೊದಲ ಉತ್ತರವನ್ನೇ ಕೊನೆಯದೆಂದು ಎಣಿಸದ ಎಚ್ಚರ ಎರಡಕ್ಕೂ ಸಮಾನ. ಉಳಿದ ಜ್ವರ ಉಳಿದ ಪ್ರಶ್ನೆಯನ್ನು ಸೂಚಿಸುತ್ತದೆ. ಅದನ್ನು ಕೇಳಲು ತಡವಾದಷ್ಟೂ ರೋಗಿಯ ಬದುಕಿನ ಅವಧಿ ಕಿರಿದಾಗುತ್ತದೆ.