ಊದಿದ ಕಂಡೆನ್ಸರ್, ಮಲಗಿದ ಸರ್ವರ್

ಮೋಟರ್ ಗುಂಯ್‌ಗುಟ್ಟಿ ತಿರುಗದೆ ನಿಂತರೆ ಕಂಡೆನ್ಸರ್ ಹೋಗಿದೆ ಎಂದು ಹುಣಸೂರು, ಪಿರಿಯಾಪಟ್ಟಣದ ಕಡೆ ಪಂಪ್‌ಸೆಟ್ ಇಟ್ಟುಕೊಂಡವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ಮನುಷ್ಯ ಪಹಣಿಗೆ ಹೋಗಿ ‘ಸರ್ವರ್ ಡೌನ್’ ಎಂಬ ಉತ್ತರ ಕೇಳಿ ಬರಿಗೈಲಿ ಬಸ್ ಹತ್ತುವಾಗ, ಇಲ್ಲೂ ಅದೇ ಜಾತಿಯ ಡಬ್ಬಿಯೊಂದು ಊದಿಕೊಂಡಿರಬಹುದು ಎಂದು ಹೊಳೆಯುವುದಿಲ್ಲ.

2001ರಲ್ಲಿ ‘ಭೂಮಿ’ ಯೋಜನೆ ಬಂತು. ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಜಮೀನು ದಾಖಲೆಗಳು ಕಂಪ್ಯೂಟರಿಗೆ ಏರಿದವು, 15 ರೂಪಾಯಿಗೆ ಪಹಣಿ ಕೈಗೆ ಸಿಗತೊಡಗಿತು. ಆಗ ಸರ್ವರ್ ತಾಲ್ಲೂಕು ಕಚೇರಿಯಲ್ಲೇ ಕೂತಿರುತ್ತಿತ್ತು; ಈಗ ಬೆಂಗಳೂರಿನ ದತ್ತಾಂಶ ಕೇಂದ್ರಕ್ಕೆ ಹೋಗಿದೆ. ಕಟ್ಟೆಮಳಲವಾಡಿ, ಕಂಪಲಾಪುರದ ಮಾರುಕಟ್ಟೆಗಳಲ್ಲಿ ತಂಬಾಕು ಬೇಲ್‌ಗಳ ಬೆಲೆ ತೀರ್ಮಾನವಾಗುವುದೂ ಇ-ಹರಾಜಿನಲ್ಲಿ. ಎಚ್.ಡಿ. ಕೋಟೆಯ ನ್ಯಾಯಬೆಲೆ ಅಂಗಡಿಯ ಬೆರಳಚ್ಚು, ಕೆ.ಆರ್. ನಗರದ ಬ್ಯಾಂಕಿನ ಪಾಸ್‌ಬುಕ್, ಎಲ್ಲವೂ ಎಲ್ಲೋ ಒಂದು ಸರ್ವರಿನ ಮುಂದೆ ಸರದಿ ನಿಂತಿವೆ. ಅದು ನಿಲ್ಲಲು ನೆಟ್‌ವರ್ಕು, ಸಾಫ್ಟ್‌ವೇರು ಎಂದು ನೂರೆಂಟು ಕಾರಣ. ಅವುಗಳಲ್ಲಿ ಅತಿ ಅಗ್ಗದ್ದು ಪವರ್ ಸಪ್ಲೈ ಒಳಗಿನ ಕೆಪಾಸಿಟರ್, ಅಂದರೆ ಪಂಪ್‌ಸೆಟ್‌ನವರ ಬಾಯಲ್ಲಿ ಕಂಡೆನ್ಸರ್.

ಮುಖ್ಯ ಸರ್ವರ್‌ಗಳಿಗೆ ಎರಡು ಪವರ್ ಸಪ್ಲೈ ಇರುತ್ತವೆ. ಜೋಡೆತ್ತಿನಂತೆ ಭಾರ ಹಂಚಿಕೊಂಡು ಎಳೆಯುತ್ತವೆ, ಒಂದು ಕುಸಿದರೆ ಇನ್ನೊಂದು ಒಂಟಿಯಾಗಿಯೇ ಎಳೆಯುತ್ತದೆ. ಯಂತ್ರ ನಿಲ್ಲಿಸದೆಯೇ ಕೆಟ್ಟದ್ದನ್ನು ಹೊರಗೆಳೆದು ಹೊಸದನ್ನು ತೂರಿಸಬಹುದು. ಲೆಕ್ಕವೇನೋ ಚೆನ್ನಾಗಿದೆ. ಆದರೆ ಒಂದು ಕೆಡುವ ಹೊತ್ತಿಗೆ ಇನ್ನೊಂದು ಗಟ್ಟಿಯಾಗಿಯೇ ಇರುತ್ತದೆ ಎಂದು ನಂಬಿಕೊಂಡ ಲೆಕ್ಕ ಅದು.

ಈ ಸಪ್ಲೈಗಳಲ್ಲಿರುವ ಎಲೆಕ್ಟ್ರೊಲೈಟಿಕ್ ಕೆಪಾಸಿಟರಿನೊಳಗೆ ಅಲ್ಯೂಮಿನಿಯಂ ಹಾಳೆಗಳ ನಡುವೆ ರಾಸಾಯನಿಕ ದ್ರವದಲ್ಲಿ ನೆನೆದ ಕಾಗದ ಸುತ್ತಿರುತ್ತದೆ. ಬುಡಕ್ಕೆ ರಬ್ಬರ್ ಬಿರಡೆ. ಬಿಸಿಗೆ ಆ ದ್ರವ ಬಿರಡೆಯ ಮೂಲಕ ಸ್ವಲ್ಪ ಸ್ವಲ್ಪವೇ ಆರುತ್ತದೆ; ಆರಿದಷ್ಟೂ ಒಳಗಿನ ಪ್ರತಿರೋಧ ಹೆಚ್ಚಿ ಇನ್ನಷ್ಟು ಬಿಸಿ. ಶಾಖ 10 ಡಿಗ್ರಿ ಇಳಿದರೆ ಆಯುಷ್ಯ ಸುಮಾರು ದುಪ್ಪಟ್ಟು ಎಂಬುದು ಈ ಕಸುಬಿನವರ ಲೆಕ್ಕ. ‘105 ಡಿಗ್ರಿ, 2,000 ಗಂಟೆ’ ಎಂದು ಬರೆದಿರುವ ಕೆಪಾಸಿಟರ್ 65 ಡಿಗ್ರಿಯಲ್ಲಿ 32,000 ಗಂಟೆ, ಅಂದರೆ ಮೂರೂವರೆ ವರ್ಷಕ್ಕೂ ಮಿಗಿಲು ಬಾಳೀತು. ‘85 ಡಿಗ್ರಿ, 2,000 ಗಂಟೆ’ಯದು ಅದೇ ಜಾಗದಲ್ಲಿ 8,000 ಗಂಟೆ, ವರ್ಷವೂ ತುಂಬುವುದಿಲ್ಲ. ಇವೆರಡರ ಬೆಲೆಯ ಅಂತರ ಬಿಡಿಗಾಸಿನದು.

ಕೆಟ್ಟ ಕೆಪಾಸಿಟರ್ ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಅಮೆರಿಕದ ಡೆಲ್ ಕಂಪನಿಯ ಕಥೆ ಇದೆ. 2003ರಿಂದ 2005ರ ನಡುವೆ ಅದು ಮಾರಿದ ಆಪ್ಟಿಪ್ಲೆಕ್ಸ್ ಕಂಪ್ಯೂಟರ್‌ಗಳ ಮದರ್‌ಬೋರ್ಡಿನಲ್ಲಿ ಕೆಪಾಸಿಟರ್‌ಗಳು ಊದಿ ಸೋರಿದವು. ರಿಪೇರಿ, ಬದಲಿಗೆಂದು ಕಂಪನಿ 30 ಕೋಟಿ ಡಾಲರ್ ಎತ್ತಿಡಬೇಕಾಯಿತು. ಟೆಕ್ಸಸ್ ವಿಶ್ವವಿದ್ಯಾಲಯದ ಗಣಿತ ವಿಭಾಗ ದೂರಿದಾಗ, ಕಷ್ಟದ ಲೆಕ್ಕ ಮಾಡಿಸಿ ಯಂತ್ರವನ್ನು ದಣಿಸಿದ್ದೀರಿ ಎಂಬ ಉತ್ತರ ಬಂದಿತ್ತೆಂದು 2010ರಲ್ಲಿ ನ್ಯೂಯಾರ್ಕ್ ಟೈಮ್ಸ್ ಬರೆಯಿತು. ಗಣಿತ ವಿಭಾಗದಲ್ಲಿ ಲೆಕ್ಕವಲ್ಲದೆ ಮತ್ತೇನು ಮಾಡಿಸಬೇಕಿತ್ತೋ!

ಜೋಡಿ ಸಪ್ಲೈಗಳ ತೊಂದರೆ ಇನ್ನೂ ಸೂಕ್ಷ್ಮ. ಎರಡೂ ಒಂದೇ ದಿನ ಒಂದೇ ರಟ್ಟಿನ ಪೆಟ್ಟಿಗೆಯಿಂದ ಬಂದವು, ಒಂದೇ ಬ್ಯಾಚಿನವು, ಒಂದೇ ಸೆಕೆಯಲ್ಲಿ ಕೂತವು, ಒಂದೇ ಯುಪಿಎಸ್‌ನಿಂದ ಕರೆಂಟ್ ಕುಡಿದವು. ಮುಪ್ಪೂ ಒಟ್ಟಿಗೇ ಬರುತ್ತದೆ. ಮೊದಲನೆಯದು ಸತ್ತಾಗ ಸರ್ವರ್ ನಿಲ್ಲುವುದಿಲ್ಲವಲ್ಲ, ಹಿಂಬದಿಯ ಪುಟ್ಟ ದೀಪ ಬಣ್ಣ ಬದಲಿಸಿದ್ದನ್ನು ಯಾರೂ ನೋಡುವುದಿಲ್ಲ. ಉಳಿದದ್ದರ ಮೇಲೆ ಇಡೀ ಭಾರ ಬಿದ್ದು, ಆರುತ್ತಿದ್ದ ಕೆಪಾಸಿಟರ್ ಮತ್ತಷ್ಟು ಬೇಗ ಆರುತ್ತದೆ.

ಇನ್ನೊಂದು ಪಟ್ಟು ಇದೆ. ಸಪ್ಲೈಯನ್ನು ಚಾಲೂ ಮಾಡುವ ಸರ್ಕ್ಯೂಟಿನಲ್ಲಿ ಬೆರಳ ತುದಿಯಷ್ಟು ಚಿಕ್ಕ ಕೆಪಾಸಿಟರ್ ಇರುತ್ತದೆ. ಅದು ಆರಿದ್ದರೂ ಓಡುತ್ತಿರುವ ಯಂತ್ರ ವರ್ಷಗಟ್ಟಲೆ ಓಡಬಹುದು. ಯಂತ್ರವನ್ನು ಆಫ್ ಮಾಡಿದರೆ ಮಾತ್ರ ಮತ್ತೆ ಏಳುವುದಿಲ್ಲ. ದಸರಾ ರಜೆಗೆಂದು ಸ್ವಿಚ್ ಆಫ್ ಮಾಡಿ ಹೋದ ಕಚೇರಿಯಲ್ಲಿ ಎರಡು ಸಪ್ಲೈಗಳೂ ಒಂದೇ ಬೆಳಿಗ್ಗೆ ಮೊಂಡು ಹಿಡಿಯುವುದು ಹೀಗೆ.

ಕರೆಂಟ್ ಕಣ್ಣು ಮಿಟುಕಿಸುವ ಊರುಗಳಲ್ಲಿ ದೊಡ್ಡ ಕೆಪಾಸಿಟರಿನ ಕೆಲಸವೂ ಹೆಚ್ಚು. ಲೈನ್ ತಪ್ಪಿದಾಗ ಸುಮಾರು 10ರಿಂದ 20 ಮಿಲಿಸೆಕೆಂಡ್ ಸರ್ವರನ್ನು ಹಿಡಿದು ನಿಲ್ಲಿಸುವುದು ಅದೇ. ಅಗ್ಗದ ಯುಪಿಎಸ್ ಬ್ಯಾಟರಿಗೆ ಹೊರಳಿಕೊಳ್ಳಲೂ ಕೆಲವು ಮಿಲಿಸೆಕೆಂಡ್ ಬೇಕು. ಸೊರಗಿದ ಕೆಪಾಸಿಟರಿಗೆ ಅಷ್ಟು ದಮ್ಮಿಲ್ಲದೆ ಯಂತ್ರ ರೀಸ್ಟಾರ್ಟ್ ಆಗುತ್ತದೆ, ಬೈಗುಳ ಯುಪಿಎಸ್‌ಗೆ ಬೀಳುತ್ತದೆ.

ಟೆಂಡರ್ ಕಾಗದದಲ್ಲಿ ‘ಎರಡು ಪವರ್ ಸಪ್ಲೈ’ ಎಂದು ಬರೆಯುವುದು ಸುಲಭ, ಒಳಗಿನ ಕೆಪಾಸಿಟರ್ ಎಂಥದ್ದಿರಬೇಕು ಎಂದು ಬರೆಯುವುದು ಕಷ್ಟ. ಕಡಿಮೆ ದರದವರಿಗೆ ಗುತ್ತಿಗೆ ಎನ್ನುವ ಪದ್ಧತಿಯಲ್ಲಿ ಎಣಿಸಲು ಬರುವುದೇ ಗೆಲ್ಲುತ್ತದೆ. ಸಪ್ಲೈ ಮೇಲೆ ಹೆಮ್ಮೆಯಿಂದ ಅಂಟಿಸುವ ‘80 ಪ್ಲಸ್’ ಚೀಟಿಯೂ ಇಲ್ಲಿ ನೆರವಿಗಿಲ್ಲ. ಅದು ವಿದ್ಯುತ್ ಎಷ್ಟು ಪೋಲಾಗುತ್ತದೆ ಎಂದಷ್ಟೇ ಹೇಳುತ್ತದೆ, ಅದೂ 23 ಡಿಗ್ರಿಯ ತಂಪಿನಲ್ಲಿ ಅಳೆದು.

ದುಡ್ಡು ಹೆಚ್ಚು ಸುರಿಯದೆ ಮಾಡಬಹುದಾದದ್ದೂ ಇದೆ. ಸಪ್ಲೈಗಳಿಗೆ ಬೇರೆ ಬೇರೆ ಯುಪಿಎಸ್‌ ಲೈನ್ ಕೊಡುವುದು, ಫ್ಯಾನಿನ ದೂಳು ಊದುವುದು, ದೀಪದ ಬಣ್ಣ ನೋಡಲು ಒಬ್ಬರನ್ನು ನೇಮಿಸುವುದು. ಕೆಲಸದ ಒತ್ತಡವಿಲ್ಲದ ಹೊತ್ತು ನೋಡಿ, ಬ್ಯಾಕಪ್ ಇಟ್ಟುಕೊಂಡು, ಒಂದೊಂದೇ ಸಪ್ಲೈಯ ಪ್ಲಗ್ ಕಿತ್ತು ಮತ್ತೆ ಹಾಕಿದರೆ ಯಾವುದು ಏಳುವುದಿಲ್ಲ ಎಂಬುದು ಆಗಲೇ ಗೊತ್ತಾಗುತ್ತದೆ. ನಾಲ್ಕೈದು ವರ್ಷ ದುಡಿದ ಜೋಡಿಯಾದರೆ ಒಂದನ್ನು ಈ ವರ್ಷ, ಇನ್ನೊಂದನ್ನು ಬರುವ ವರ್ಷ ಬದಲಿಸಬೇಕು. ಎರಡಕ್ಕೂ ಮತ್ತೆ ಒಂದೇ ವಯಸ್ಸಾಗಬಾರದು.